ಗಾಳಿಗೂ ಬೆಲೆ ಇರುವ ಊರಿನಲ್ಲಿ ಅಗ್ಗದ ಮನೆ

ಮುಂಬೈಯ ಪರೇಲ್‌ನಲ್ಲಿ ನಮ್ಮ ದೊಡ್ಡಮ್ಮ ಇರುವ ಚಾಳು 1940ಕ್ಕಿಂತ ಹಿಂದಿನದು. ಉದ್ದನೆಯ ವರಾಂಡ, ಅದರ ತುದಿಯಲ್ಲಿ ಎಲ್ಲರಿಗೂ ಸೇರಿ ನಾಲ್ಕು ಸಂಡಾಸು, ಒಂದು ಮನೆಗೆ ಒಂದು ಖೋಲಿ. ದೊಡ್ಡಪ್ಪ ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ, ಮಲಗುವುದು ಹೋಟೆಲಿನ ಬೆಂಚಿನ ಮೇಲೆ. ಮದುವೆಯಾದ ಮೇಲೆ ಪಗಡಿ, ಅಂದರೆ ಒಂದೇ ಸಲಕ್ಕೆ ದೊಡ್ಡ ಮೊತ್ತ, ಕೊಟ್ಟು ಈ ಖೋಲಿ ಹಿಡಿದರು. ಆ 170 ಚದರ ಅಡಿಯಲ್ಲಿ ಮೂರು ಮಕ್ಕಳು ಓದಿ ದೊಡ್ಡವರಾದರು.

ಕಳೆದ ಮಳೆಗಾಲದಲ್ಲಿ ಬಿಲ್ಡರ್ ಕಡೆಯವರು ಬಂದು, ಚಾಳು ಕೆಡವಿ ಹೊಸದು ಕಟ್ಟುತ್ತೇವೆ ಎಂದು ಒಂದು ದಪ್ಪ ಕಾಗದದ ಕಟ್ಟು ಕೊಟ್ಟು ಹೋದರು. ಅರ್ಧ ಇಂಗ್ಲಿಷ್, ಅರ್ಧ ಮರಾಠಿ. ಪುಟಪುಟಕ್ಕೂ ಎಫ್‌ಎಸ್‌ಐ, 33(7), ಪ್ರೀಮಿಯಂ, ಫಂಜಿಬಲ್ ಅನ್ನುವ ಮಾತುಗಳು. ದೊಡ್ಡಮ್ಮ ಕನ್ನಡಕ ತೆಗೆದಿಟ್ಟು, "ಇದರಲ್ಲಿ ನಮಗೆ ಏನು ಸಿಗುತ್ತದೆ, ಅವರಿಗೆ ಏನು ಸಿಗುತ್ತದೆ, ಅಷ್ಟು ಹೇಳು ಮಾರಾಯ. ಸಹಿ ಹಾಕುವುದು ಆಮೇಲೆ" ಎಂದರು.

ಅಷ್ಟು ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಓದುತ್ತ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಮುಂಬೈಯಲ್ಲಿ ಕಡಿಮೆ ದುಡ್ಡಿನ ಮನೆಗಳಲ್ಲಿ ಬಹುಪಾಲು ಸರ್ಕಾರದ ಖಜಾನೆಯ ಹಣದಿಂದ ಆಗುವುದಲ್ಲ. ಸರ್ಕಾರ ಕೊಡುವುದು ಗಾಳಿ. ನೆಲದ ಮೇಲಿನ ಖಾಲಿ ಜಾಗದಲ್ಲಿ ಇನ್ನೂ ನಾಲ್ಕು ಮಹಡಿ ಏರಿಸಿಕೊಳ್ಳುವ ಹಕ್ಕು. ಈ ಊರಿನಲ್ಲಿ ಆ ಹಕ್ಕೇ ರೊಕ್ಕ. ಅದನ್ನು ಯಾರಿಗೆ, ಎಷ್ಟು, ಯಾವ ಷರತ್ತಿಗೆ ಕೊಡಬೇಕು ಅನ್ನುವುದನ್ನು ಬರೆದಿಟ್ಟ ಪುಸ್ತಕವೇ ಅಭಿವೃದ್ಧಿ ನಿಯಮಾವಳಿ. ಈಗ ಜಾರಿಯಲ್ಲಿರುವುದು 2018ರಲ್ಲಿ ಬಂದದ್ದು, 2034ರವರೆಗಿನ ಯೋಜನೆಯ ಜೊತೆಗೆ. ಜನ ಇದನ್ನು ಡಿಸಿಪಿಆರ್ 2034 ಎನ್ನುತ್ತಾರೆ.

ಕಾವಲಿ ಮತ್ತು ಹಿಟ್ಟು

ಮೊದಲು ನಕ್ಷೆ. ಮಹಾನಗರಪಾಲಿಕೆ ಊರಿನ ಪ್ರತಿ ತುಂಡು ಜಾಗಕ್ಕೂ ಒಂದು ಬಣ್ಣ ಹಾಕಿರುತ್ತದೆ. ಇಲ್ಲಿ ವಾಸದ ಮನೆ, ಅಲ್ಲಿ ಅಂಗಡಿ-ಆಫೀಸು, ಆಚೆ ಕಾರ್ಖಾನೆ, ಇದು ಮೈದಾನಕ್ಕೆ ಮೀಸಲು, ಇದು ಶಾಲೆಗೆ. ಇದನ್ನೇ ವಲಯ ಅಥವಾ ಝೋನ್ ಎನ್ನುವುದು. ಬಣ್ಣದ ಜೊತೆಗೆ ಇನ್ನೂ ಕೆಲವು ನಿಯಮ ಬರುತ್ತವೆ. ಎಷ್ಟು ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಗಾಡಿ ನಿಲ್ಲಿಸಲು ಜಾಗ ಕೊಡಬೇಕು, ಇಂಥವು. ಮನೆಯ ಬೆಲೆ ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗುತ್ತದೆ. ಸಿಮೆಂಟು, ಕಬ್ಬಿಣದ ಮಾತು ಬರುವುದು ಆಮೇಲೆ.

ಇವುಗಳಲ್ಲಿ ದೊಡ್ಡದು ಎಫ್‌ಎಸ್‌ಐ. ದೊಡ್ಡಮ್ಮನಿಗೆ ನಾನು ಹೇಳಿದ್ದು ಹೀಗೆ. ಕಾವಲಿ ಅಂದರೆ ನಮ್ಮ ಜಾಗ. ಎಫ್‌ಎಸ್‌ಐ ಅಂದರೆ ಹಿಟ್ಟಿನ ಅಳತೆ. ಎಫ್‌ಎಸ್‌ಐ 1 ಇದ್ದರೆ ಇಡೀ ಕಾವಲಿಗೆ ಒಂದು ಸಲ ಹರಡುವಷ್ಟು ಹಿಟ್ಟು ಸಿಗುತ್ತದೆ. ಕಾವಲಿ ತುಂಬ ಒಂದೇ ದೋಸೆ ಹೊಯ್ಯಬಹುದು. ಅರ್ಧ ಕಾವಲಿಯಷ್ಟು ಅಗಲದ ಎರಡು ದೋಸೆ ಮಾಡಿ ಒಂದರ ಮೇಲೊಂದು ಇಡಬಹುದು. ಕಾಲು ಕಾವಲಿಯ ನಾಲ್ಕನ್ನೂ ಪೇರಿಸಬಹುದು. ಎತ್ತರ ಬೇರೆ ಬೇರೆ, ಹಿಟ್ಟು ಅಷ್ಟೇ. "ಹಾಗಾದರೆ ಬಿಲ್ಡರ್ ಕೇಳುವುದು ಹಿಟ್ಟು" ಎಂದರು ದೊಡ್ಡಮ್ಮ. ಹೌದು, ಅಷ್ಟೇ ವಿಷಯ.

ಅಂಕಿಯಲ್ಲಿ ಹೇಳುವುದಾದರೆ, 10,000 ಚದರ ಅಡಿ ಜಾಗಕ್ಕೆ ಎಫ್‌ಎಸ್‌ಐ 1.33 ಇದ್ದರೆ ಒಟ್ಟು 13,300 ಚದರ ಅಡಿ ಕಟ್ಟಬಹುದು. ಕೊಲಾಬಾದಿಂದ ಮಾಹಿಮ್-ಸಾಯನ್‌ವರೆಗಿನ ಹಳೆ ಊರಿಗೆ ಮೂಲ ಎಫ್‌ಎಸ್‌ಐ 1.33. ಬಾಂದ್ರಾದಿಂದ ಆಚೆಯ ಉಪನಗರಗಳಿಗೆ 1. ಈ ಅಂಕಿಗಳು 1991ರ ನಿಯಮದಿಂದ ಬಂದವು, ಇವತ್ತಿಗೂ ಬುಡದಲ್ಲಿ ಹಾಗೇ ಕೂತಿವೆ. ಎಫ್‌ಎಸ್‌ಐ ಅನ್ನುವ ಪದ್ಧತಿ ಮುಂಬೈಗೆ ಬಂದದ್ದು ಅದಕ್ಕೂ ಹಿಂದೆ, 1964ರ ಯೋಜನೆಯಲ್ಲಿ. ಆಗ ನರಿಮನ್ ಪಾಯಿಂಟಿನಂಥ ಕಡೆ 4.5 ಇತ್ತು. ಆಮೇಲೆ ಜನ ಜಾಸ್ತಿ ಆಗುತ್ತ ಹೋದರು, ಅಂಕಿ ಇಳಿಯುತ್ತ ಹೋಯಿತು. ಊರು ಕಿಕ್ಕಿರಿಯಬಾರದು ಅನ್ನುವುದು ಉದ್ದೇಶ. ಆದರೆ ಕೆಲಸ ಇರುವ ಊರಿಗೆ ಜನ ಬಂದೇ ಬರುತ್ತಾರೆ. ಕಾನೂನಿನ ಪ್ರಕಾರ ಕಟ್ಟಿದ ಮನೆ ಸಿಗದಿದ್ದರೆ ತಗಡು ಹಾಕಿಕೊಂಡು ಇರುತ್ತಾರೆ. 2001ರ ಜನಗಣತಿಯಲ್ಲಿ ಮುಂಬೈಯ ಅರ್ಧಕ್ಕೂ ಹೆಚ್ಚು ಜನ ಝೋಪಡಪಟ್ಟಿಯಲ್ಲಿದ್ದರು.

ಬೇರೆ ಕಾನೂನುಗಳೂ ಇದಕ್ಕೆ ಸೇರಿಕೊಂಡವು. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ದೊಡ್ಡಮ್ಮನಂಥವರಿಗೆ ಅದು ತಲೆಯ ಮೇಲಿನ ಸೂರನ್ನು ಉಳಿಸಿಕೊಟ್ಟಿತು. ಆದರೆ ಮಾಲೀಕ ರಿಪೇರಿ ಮಾಡಿಸುವುದನ್ನು ಬಿಟ್ಟ, ಹೊಸದಾಗಿ ಬಾಡಿಗೆಗೆ ಚಾಳು ಕಟ್ಟಿಸುವವರೂ ಇಲ್ಲವಾದರು. 1976ರಲ್ಲಿ ನಗರ ಭೂಮಿತಿ ಕಾನೂನು ಬಂತು. ಮುಂಬೈಯಲ್ಲಿ 500 ಚದರ ಮೀಟರಿಗಿಂತ ಜಾಸ್ತಿ ಖಾಲಿ ಜಾಗ ಒಬ್ಬರ ಹತ್ತಿರ ಇರಬಾರದು, ಹೆಚ್ಚಿನದನ್ನು ಸರ್ಕಾರ ತೆಗೆದುಕೊಂಡು ಬಡವರಿಗೆ ಮನೆ ಕಟ್ಟಬೇಕು ಅನ್ನುವುದು ಅದರ ಆಸೆ. ಜಾಗ ಸರ್ಕಾರದ ಕೈಗೆ ಬಂದದ್ದು ತೀರ ಕಡಿಮೆ. ಬಹಳಷ್ಟು ಜಾಗ ವರ್ಷಗಟ್ಟಲೆ ಕೋರ್ಟಿನಲ್ಲೇ ಕೂತಿತು. 2007ರಲ್ಲಿ ಮಹಾರಾಷ್ಟ್ರ ಆ ಕಾನೂನನ್ನು ಕೈಬಿಟ್ಟಿತು.

ನೂರು ಮನೆಯ ಲೆಕ್ಕ

ಖಜಾನೆಯಲ್ಲಿ ದುಡ್ಡಿಲ್ಲ, ಜಾಗ ಕಿತ್ತುಕೊಳ್ಳಲೂ ಆಗುವುದಿಲ್ಲ. ಆಗ ಉಳಿದ ದಾರಿ ಹಿಟ್ಟು ಹಂಚುವುದು. 1995ರಲ್ಲಿ ಬಂದ ಹೊಸ ಸರ್ಕಾರ ಝೋಪಡಪಟ್ಟಿಯ 40 ಲಕ್ಷ ಜನರಿಗೆ ಪುಕ್ಕಟೆ ಮನೆ ಎಂದು ಮಾತು ಕೊಟ್ಟಿತ್ತು. ಅಫ್ಜಲ್‌ಪುರ್ಕರ್ ಸಮಿತಿ ಅದಕ್ಕೆ ದಾರಿ ತೋರಿಸಿತು, ಎಸ್‌ಆರ್‌ಎ, ಅಂದರೆ ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ, ಹುಟ್ಟಿತು. ನಿಯಮದ ಪುಸ್ತಕದಲ್ಲಿ ಇದರ ನಂಬರು 33(10). ಝೋಪಡಿ ಇದ್ದ ಜಾಗದಲ್ಲೇ ಬಿಲ್ಡರ್ ಅಲ್ಲಿನವರಿಗೆ ಪುಕ್ಕಟೆ ಮನೆ ಕಟ್ಟಿಕೊಡಬೇಕು. ಅದಕ್ಕೆ ಪ್ರತಿಯಾಗಿ ಪೇಟೆಯಲ್ಲಿ ಮಾರಲು ಅವನಿಗೆ ಹೆಚ್ಚಿನ ಎಫ್‌ಎಸ್‌ಐ. ಶುರುವಿನಲ್ಲಿದ್ದ ಪ್ರಮಾಣ ಹೀಗೆ: ಪುನರ್ವಸತಿಗೆ 10 ಚದರ ಮೀಟರ್ ಕಟ್ಟಿದರೆ ಹಳೆ ಊರಿನಲ್ಲಿ 7.5, ಉಪನಗರದಲ್ಲಿ 10, ಧಾರಾವಿಯಂಥ ಕಷ್ಟದ ಜಾಗದಲ್ಲಿ 13.3 ಚದರ ಮೀಟರ್ ಮಾರಾಟಕ್ಕೆ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ಎಲ್ಲ ಗುಟ್ಟೂ ಇದರಲ್ಲೇ ಇದೆ. ಅಂಕಿಗಳು ಸುಲಭವಾಗಲಿ ಎಂದು ನಾನೇ ಇಟ್ಟುಕೊಂಡವು. ನೂರು ಕುಟುಂಬ, ಒಂದೊಂದಕ್ಕೆ 300 ಚದರ ಅಡಿ. ಒಟ್ಟು 30,000 ಚದರ ಅಡಿ ಪುಕ್ಕಟೆ ಮನೆ. ಉಪನಗರದ ಲೆಕ್ಕದಲ್ಲಿ ಬಿಲ್ಡರಿಗೆ ಮಾರಲು ಅಷ್ಟೇ, ಇನ್ನೊಂದು 30,000. ಎರಡನ್ನೂ ಅವನೇ ಕಟ್ಟಬೇಕು, ಅಂದರೆ 60,000 ಚದರ ಅಡಿ. ಚದರ ಅಡಿಗೆ 4,000 ರೂಪಾಯಿ ಖರ್ಚು ಹಿಡಿದರೆ 24 ಕೋಟಿ.

ಈಗ ಆ ಜಾಗ ಕಲ್ಯಾಣದ ಆಚೆ ಎಲ್ಲೋ ಇದೆ, ಮನೆಯ ರೇಟು ಚದರ ಅಡಿಗೆ 8,000 ಎಂದುಕೊಳ್ಳಿ. ಮಾರಿದರೆ ಬರುವುದು 24 ಕೋಟಿ. ಹಾಕಿದ್ದು ಬಂತು, ಅಷ್ಟೇ. ಬ್ಯಾಂಕಿನ ಬಡ್ಡಿ ಕೈಯಿಂದ ಹೋಯಿತು. ಯಾವ ಬಿಲ್ಡರೂ ಬರುವುದಿಲ್ಲ. ಅದೇ ಜಾಗ ಅಂಧೇರಿಯಲ್ಲಿದ್ದು ರೇಟು 30,000 ಇದ್ದರೆ 90 ಕೋಟಿ ಬರುತ್ತದೆ. ಒಬ್ಬರ ಮೇಲೊಬ್ಬರು ಬಿದ್ದು ಬರುತ್ತಾರೆ. ನಿಯಮ ಒಂದೇ, ಬಡವರೂ ಒಂದೇ. ಆದರೆ ಒಂದು ಕಡೆ ಮನೆ ಏಳುತ್ತದೆ, ಇನ್ನೊಂದು ಕಡೆ ಹತ್ತು ಮಳೆಗಾಲ ಕಳೆದರೂ ತಗಡೇ. ಗಾಳಿಯನ್ನು ರೊಕ್ಕ ಮಾಡಿಕೊಂಡ ಪದ್ಧತಿಯ ಸ್ವಭಾವವೇ ಇದು. ಅಕ್ಕಪಕ್ಕದ ಶ್ರೀಮಂತರ ಮನೆಗೆ ಎಷ್ಟು ಬೆಲೆಯೋ, ಬಡವರ ಮನೆ ಏಳುವ ಸಾಧ್ಯತೆ ಅಷ್ಟು. ಆಮೇಲೆ ನಿಯಮ ಬದಲಿಸಿ, ಜಾಗದ ರೇಟು ಕಡಿಮೆ ಇರುವ ಕಡೆ ಪ್ರೋತ್ಸಾಹ ಜಾಸ್ತಿ, ರೇಟು ಜಾಸ್ತಿ ಇರುವ ಕಡೆ ಕಡಿಮೆ ಎಂದು ಮಾಡಿದ್ದಾರೆ. ಅದು ಸರಿಯಾದ ತಿದ್ದುಪಡಿ. ಆದರೂ ಪೇಟೆ ಬಿದ್ದ ವರ್ಷ ಕೆಲಸ ನಿಲ್ಲುತ್ತದೆ, ಹೊಸ ಮನೆ ಆಗುವವರೆಗೆಂದು ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕೂತವರು ಕೂತೇ ಇರುತ್ತಾರೆ. 40 ಲಕ್ಷ ಜನ ಅಂದರೆ ಕುಟುಂಬಕ್ಕೆ ಐದು ಜನರಂತೆ 8 ಲಕ್ಷ ಮನೆ. ಮೂವತ್ತು ವರ್ಷ ಮುಗಿಯುವ ಹೊತ್ತಿಗೆ ಕಟ್ಟಿ ಕೊಟ್ಟದ್ದು ಮೂರು ಲಕ್ಷಕ್ಕಿಂತ ಕಡಿಮೆ.

ಹಾಗಂತ ಇದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜೋಗೇಶ್ವರಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಇರುವುದು ಎಸ್‌ಆರ್‌ಎ ಮನೆಯಲ್ಲಿ. ಮನೆಯೊಳಗೇ ಸಂಡಾಸು, ನಲ್ಲಿಯಲ್ಲಿ ನೀರು, ತನ್ನದೇ ಹೆಸರಿನಲ್ಲಿ ಲೈಟ್ ಬಿಲ್. ಮಳೆಗಾಲದಲ್ಲಿ ರಾತ್ರಿ ಎದ್ದು ಕೂರಬೇಕಾಗಿಲ್ಲ. "ಮಗಳಿಗೆ ಬಾಗಿಲು ಹಾಕಿಕೊಂಡು ಓದುವುದಕ್ಕೆ ಆಗುತ್ತದೆ, ಅಣ್ಣ" ಎಂದು ಅವಳು ಹೇಳಿದ್ದು ನನಗೆ ಮರೆಯುವುದಿಲ್ಲ.

ಆದರೆ ಅದೇ ಮನೆಗೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದರೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಏಳು ಮಹಡಿ. ಕಿಟಕಿ ತೆರೆದರೆ ಎದುರು ಕಟ್ಟಡದ ಕಿಟಕಿ. ನಡುವೆ ಹತ್ತು ಅಡಿ ಇರಬಹುದು. ಎದುರು ಮನೆಯ ಕುಕ್ಕರ್ ಸೀಟಿ ಹಾಕಿದರೆ ಇವಳು ಗ್ಯಾಸ್ ಆರಿಸಲು ಏಳುತ್ತಾಳೆ. ಕೆಳಗಿನ ಆ ಸಂದಿನಲ್ಲಿ ಬಿಸಿಲು ಬೀಳುವುದಿಲ್ಲ. ಮೇಲಿಂದ ಬಿದ್ದ ಕಸ, ಪೈಪಿನಿಂದ ಸೋರಿದ ನೀರು, ಪಾಚಿ. ಲಿಫ್ಟ್ ಕೆಟ್ಟು ನಾಲ್ಕು ತಿಂಗಳಾಗಿತ್ತು, ರಿಪೇರಿಗೆ ಸೊಸೈಟಿಯಲ್ಲಿ ಹಣ ಇರಲಿಲ್ಲ. ಮಂಡಿ ನೋವಿರುವ ಅವಳ ಅತ್ತೆ ಅಷ್ಟು ದಿನ ಕೆಳಗೆ ಇಳಿದೇ ಇರಲಿಲ್ಲ.

ಇದಕ್ಕೂ ಕಾರಣ ನಿಯಮದಲ್ಲೇ ಇದೆ. ಪುನರ್ವಸತಿ ಕಟ್ಟಡಗಳಿಗೆ ಸುತ್ತ ಬಿಡಬೇಕಾದ ಜಾಗದಲ್ಲಿ ರಿಯಾಯಿತಿ ಇದೆ. ಒಂದು ಹೆಕ್ಟೇರಿಗೆ ಕನಿಷ್ಠ ಇಷ್ಟು ಮನೆ ತುಂಬಲೇಬೇಕು ಅನ್ನುವ ಷರತ್ತೂ ಇದೆ. ಮೊದಲು 500 ಇತ್ತು, ಈಗ 650. ಪುಕ್ಕಟೆ ಮನೆಗಳನ್ನು ಒಂದು ಮೂಲೆಗೆ ಒತ್ತಿದಷ್ಟೂ ಮಾರುವ ಟವರಿಗೆ ಒಳ್ಳೆಯ ಜಾಗ ಉಳಿಯುತ್ತದೆ, ಅಲ್ವಾ? ಇಂಥ ರಿಯಾಯಿತಿಯಲ್ಲೇ ಕಟ್ಟಿದ ಗೋವಂಡಿಯ ಪುನರ್ವಸತಿ ಕಾಲೊನಿಗಳಲ್ಲಿ ಕೆಲವು ವರ್ಷಗಳ ಹಿಂದೆ ಅಧ್ಯಯನ ನಡೆದಿತ್ತು. ಗಾಳಿ-ಬೆಳಕು ಬಾರದ ಕೆಳಗಿನ ಮಹಡಿಗಳಿಗೂ ಕ್ಷಯರೋಗಕ್ಕೂ ಸಂಬಂಧ ಇದೆ ಎಂದು ಅದು ತೋರಿಸಿತು. ಮನೆ ಚಿಕ್ಕದಾಗಿದ್ದರೆ ಜನ ಹೊಂದಿಕೊಳ್ಳುತ್ತಾರೆ. ಇಲ್ಲಿ ಮನೆ 225 ಚದರ ಅಡಿಯಿಂದ 269ಕ್ಕೆ, ಆಮೇಲೆ 300ಕ್ಕೆ ಬೆಳೆದಿದೆ, ಅದು ಒಳ್ಳೆಯದೇ. ಆದರೆ ಬೆಳಕಿನಲ್ಲಿ ರಿಯಾಯಿತಿ ಕೊಡಬಾರದಿತ್ತು. ಬಿಲ್ಡರಿಗೆ ಹಿಟ್ಟು ಎಷ್ಟಾದರೂ ಕೊಡಿ, ಎರಡು ಕಟ್ಟಡಗಳ ನಡುವಿನ ಬಿಸಿಲನ್ನು ಚೌಕಾಸಿಗೆ ಇಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕಕ್ಕೇ ಬಾರದವರು

ಈ ಯೋಜನೆಗಳಲ್ಲಿ ಮನೆ ಸಿಗುವುದು ದಾಖಲೆ ಇದ್ದವರಿಗೆ. ಝೋಪಡಿ 2000ನೇ ಇಸವಿ ಜನವರಿ 1ಕ್ಕೆ ಮೊದಲು ಇತ್ತು ಎಂದು ತೋರಿಸಿದರೆ ಪುಕ್ಕಟೆ. ಅಲ್ಲಿಂದ 2011ರವರೆಗಿನವರಿಗೆ 2.5 ಲಕ್ಷ ರೂಪಾಯಿ ಕಟ್ಟಿದರೆ ಮನೆ ಎಂದು 2023ರಲ್ಲಿ ತೀರ್ಮಾನವಾಯಿತು. ಆದರೆ ತನ್ನ ಹೆಸರಿನಲ್ಲಿ ಕಾಗದ ಇಲ್ಲದೆ ಅದೇ ಝೋಪಡಿಯಲ್ಲಿ ಬಾಡಿಗೆಗೆ ಇದ್ದವನಿಗೆ ಏನೂ ಇಲ್ಲ. ನಿನ್ನೆ ಮೊನ್ನೆ ಊರಿನಿಂದ ಬಂದ ಹುಡುಗನಂತೂ ಯಾವ ಲೆಕ್ಕದಲ್ಲೂ ಇಲ್ಲ.

ದೊಡ್ಡಪ್ಪ ಬಂದಾಗ ಅಂಥವನೇ ಆಗಿದ್ದರು. ಅವರಿಗೆ ಹೋಟೆಲಿನ ಬೆಂಚು ಇತ್ತು. ನಮ್ಮ ಕರಾವಳಿಯಿಂದ ಬಂದ ಸಾವಿರಾರು ಜನರಿಗೆ ಮುಂಬೈಯ ಮೊದಲ ಮನೆ ಅದೇ. ಬಟ್ಟೆ ಮಿಲ್ಲಿಗೆ ಬಂದ ಕೊಂಕಣದವರಿಗೆ ಊರಿನವರ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ಜಾಗ ಇತ್ತು. ಈಗ ಬರುವವರಿಗೆ ಕಾನೂನಿನ ಪುಸ್ತಕದಲ್ಲಿ ಒಂದು ಹಾಸಿಗೆಯ ಬಾಡಿಗೆ ಜಾಗ ಎಲ್ಲಿದೆ? 2008ರಲ್ಲಿ ಮುಂಬೈ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ಒಂದು ಬಾಡಿಗೆ ಮನೆ ಯೋಜನೆ ತಂದಿತ್ತು. ಬಿಲ್ಡರಿಗೆ 4 ಎಫ್‌ಎಸ್‌ಐ, ಅದರಲ್ಲಿ ಒಂದು ಪಾಲಿನಲ್ಲಿ 160 ಚದರ ಅಡಿಯ ಬಾಡಿಗೆ ಕೋಣೆಗಳನ್ನು ಕಟ್ಟಿ ಕೊಡಬೇಕು. ಒಳ್ಳೆಯ ಯೋಚನೆ. ಆದರೆ ಕೋಣೆಗಳನ್ನು ನೋಡಿಕೊಳ್ಳುವವರು ಯಾರು, ಬಾಡಿಗೆ ವಸೂಲಿ ಯಾರು ಅನ್ನುವುದು ಬಗೆಹರಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಯೋಜನೆಯ ರೂಪ ಬದಲಿಸಿ ಅದನ್ನು ಮಾರಾಟದ ಮನೆಗೆ ತಿರುಗಿಸಿದರು. ಹೊಸಬರಿಗೆ ಬಾಡಿಗೆ ಕೋಣೆ ಇಲ್ಲದ ಊರಿನಲ್ಲಿ ಮುಂದಿನ ಝೋಪಡಪಟ್ಟಿ ಇವತ್ತೇ ಹುಟ್ಟುತ್ತಿರುತ್ತದೆ.

ಒಂದು ಮಾತಿನ ಬೆಲೆ

ನಿಯಮದಲ್ಲಿ ಒಂದು ಮಾತು ಬದಲಾದರೆ ಏನಾಗುತ್ತದೆ ಎಂದು ನೋಡಲು ದೊಡ್ಡಮ್ಮನ ವರಾಂಡದಲ್ಲಿ ನಿಂತರೆ ಸಾಕು. ಎದುರಿಗೆ ಕಾಣುವ ಗಾಜಿನ ಟವರುಗಳು ಎದ್ದಿರುವುದು ಮಿಲ್ಲಿನ ಜಾಗದಲ್ಲಿ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾದ ಮೇಲೆ ಎಷ್ಟೋ ಮಿಲ್ಲುಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಸುಮಾರು 600 ಎಕರೆ ನೆಲ, ಊರಿನ ನಟ್ಟನಡುವೆ. 1991ರ ನಿಯಮ 58 ಹೇಳಿದ್ದು, ಮಿಲ್ಲಿನ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಹೆಚ್ಚುಕಡಿಮೆ ಮೂರು ಪಾಲು ಮಾಡಿ ಎಂದು. ಒಂದು ಪಾಲು ಪಾಲಿಕೆಗೆ, ಮೈದಾನ-ತೋಟಕ್ಕೆ. ಒಂದು ಪಾಲು ರಾಜ್ಯ ಸರ್ಕಾರದ ಗೃಹ ಪ್ರಾಧಿಕಾರ ಮ್ಹಾಡಾಗೆ, ಸಾಮಾನ್ಯರ ಮನೆಗೆ. ಇನ್ನೊಂದು ಮಾಲೀಕನಿಗೆ.

2001ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಹಂಚಬೇಕಾದದ್ದು ಮಿಲ್ಲಿನ ಆವರಣದಲ್ಲಿ ಮೊದಲೇ ಖಾಲಿ ಇದ್ದ ಜಾಗವನ್ನು ಮಾತ್ರ. ಕಟ್ಟಡ ಕೆಡವಿದಾಗ ಸಿಗುವ ಜಾಗ ಹಂಚಿಕೆಗೆ ಇಲ್ಲ. ಮಿಲ್ಲು ಅಂದರೆ ನೆಲದ ತುಂಬ ಶೆಡ್ಡು. ಖಾಲಿ ಇರುವುದು ಎಷ್ಟು? ಮೂರನೇ ಒಂದು ಪಾಲು ಅನ್ನುವುದು ಹೆಸರಿಗೆ ಉಳಿಯಿತು, ನೆಲ ಕೈತಪ್ಪಿತು. 2005ರಲ್ಲಿ ಬಾಂಬೆ ಹೈಕೋರ್ಟು ಇದು ಸರಿಯಲ್ಲ ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಿಲ್ ಕಾರ್ಮಿಕರಿಗೆ ಮೊದಲ ದೊಡ್ಡ ಲಾಟರಿಯಲ್ಲಿ 2012ರಲ್ಲಿ ಸಿಕ್ಕಿದ್ದು 6,925 ಮನೆ. ಅರ್ಜಿ ಹಾಕಿದವರು ಲಕ್ಷಕ್ಕೂ ಜಾಸ್ತಿ. ದೊಡ್ಡಮ್ಮನ ಪಕ್ಕದ ಖೋಲಿಯ ಅಜ್ಜ ಅರ್ಜಿಯ ರಸೀದಿಯನ್ನು ದೇವರ ಫೋಟೋದ ಹಿಂದೆ ಇಟ್ಟುಕೊಂಡೇ ತೀರಿಕೊಂಡರು.

ಹೀಗಾಗಿ ಒಂದು ನಿಯಮ ಒಳ್ಳೆಯದೋ ಕೆಟ್ಟದೋ ಎಂದು ತಲೆಬರಹ ನೋಡಿ ಹೇಳಲು ನನಗೆ ಈಗ ಧೈರ್ಯ ಇಲ್ಲ. ಶೇಕಡಾ ಎಷ್ಟು ಅನ್ನುವುದರ ಜೊತೆಗೆ, ಯಾವುದರ ಶೇಕಡಾ ಎಂದು ಕೇಳಬೇಕು.

ಶೇಕಡಾ 20ರ ಮನೆಗಳು

ಈ ಪ್ರಶ್ನೆಯನ್ನು ಇಟ್ಟುಕೊಂಡು ಇನ್ನೊಂದು ನಿಯಮ ನೋಡಿ. 2013ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ತಂದದ್ದು. ಈಗ ಮುಂಬೈಗೆ ಡಿಸಿಪಿಆರ್‌ನಲ್ಲಿ, ಪುಣೆ-ಠಾಣೆಯಂಥ ದೊಡ್ಡ ಊರುಗಳಿಗೆ 2020ರ ಏಕೀಕೃತ ನಿಯಮಾವಳಿಯಲ್ಲಿ ಸೇರಿದೆ. 4,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮನೆ ಕಟ್ಟುವುದಾದರೆ ಶೇಕಡಾ 20 ಪಾಲು ಚಿಕ್ಕ ಮನೆಗಳಿರಬೇಕು. 4,000 ಚದರ ಮೀಟರ್ ಅಂದರೆ ನಮ್ಮ ಲೆಕ್ಕದ ಮೂವತ್ತೊಂಬತ್ತೂವರೆ ಗುಂಟೆ, ಹೆಚ್ಚುಕಡಿಮೆ ಒಂದು ಎಕರೆ. ಆ ಮನೆಗಳು ಲಾಟರಿಯಲ್ಲಿ ನಿಗದಿ ಬೆಲೆಗೆ ಹೋಗುತ್ತವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಬಡವರ ಮನೆಯನ್ನು ಊರ ಹೊರಗೆ ಎಸೆಯದೆ, ಎಲ್ಲರ ಮನೆ ಏಳುವ ಕಡೆಯೇ ಸೇರಿಸುತ್ತದೆ. ಸ್ಟೇಷನ್ ಹತ್ತಿರ, ಶಾಲೆ ಹತ್ತಿರ. ನಮ್ಮ ಕನ್ನಡಿಗರ ಕಥೆಯನ್ನೇ ನೋಡಿ. ಕೋಟೆಯ (ಫೋರ್ಟ್) ಕಡೆಯಿಂದ ಮಾಟುಂಗಾ, ಅಲ್ಲಿಂದ ಘಾಟ್‌ಕೋಪರ್, ಆಮೇಲೆ ಡೊಂಬಿವಲಿ, ಭಾಯಂದರ್, ನಾಲಾಸೋಪಾರ. ತಲೆಮಾರಿಗೆ ನಾಲ್ಕು ಸ್ಟೇಷನ್ ದೂರ ಸರಿಯುತ್ತ ಬಂದಿದ್ದೇವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮ ಮುಗಿಯುವ ಮೊದಲೇ ಅರ್ಧ ಸಭೆ ಎದ್ದು ಹೋಗುವುದು ಕೊನೆಯ ಫಾಸ್ಟ್ ಲೋಕಲ್ ತಪ್ಪೀತು ಎಂದು.

ಆದರೆ ಶೇಕಡಾ 20, ಯಾವುದರದು? ಮುಂಬೈಯಲ್ಲಿ ಮೂಲ ಎಫ್‌ಎಸ್‌ಐನದು. ಉಪನಗರದಲ್ಲಿ 4,000 ಚದರ ಮೀಟರ್ ಜಾಗಕ್ಕೆ ಮೂಲ ಎಫ್‌ಎಸ್‌ಐ 1, ಅದರ ಶೇಕಡಾ 20 ಅಂದರೆ 800 ಚದರ ಮೀಟರ್. ಇಪ್ಪತ್ತರ ಆಸುಪಾಸು ಚಿಕ್ಕ ಮನೆ. ಬಿಲ್ಡರ್ ಮಾತ್ರ ಮೂಲ ಎಫ್‌ಎಸ್‌ಐನಲ್ಲಿ ನಿಲ್ಲುವುದಿಲ್ಲ. ಪಾಲಿಕೆಗೆ ಪ್ರೀಮಿಯಂ ಕಟ್ಟಿ ಇನ್ನಷ್ಟು ತೆಗೆದುಕೊಳ್ಳುತ್ತಾನೆ. ಬೇರೆ ಕಡೆ ಜಾಗ ಬಿಟ್ಟುಕೊಟ್ಟವರ ಹಕ್ಕನ್ನು, ಅಂದರೆ ಟಿಡಿಆರ್ ಅನ್ನು, ಕೊಂಡು ತಂದು ಸೇರಿಸುತ್ತಾನೆ. ಅಗಲ ರಸ್ತೆಯಲ್ಲಿ ಎರಡೂವರೆ ಪಟ್ಟು ಕಟ್ಟಿದ ಎಂದುಕೊಳ್ಳಿ, 10,000 ಚದರ ಮೀಟರ್. ಅದರ ಎದುರು 800 ಅಂದರೆ ಹತ್ತಕ್ಕೆ ಒಂದು ಪಾಲೂ ಇಲ್ಲ. ಈ ಲೆಕ್ಕವನ್ನು ಒಟ್ಟು ಕಟ್ಟಿದ್ದರ ಮೇಲೆ ಹಾಕಬೇಕು. ಜಾಗದ ಮಿತಿಯನ್ನೂ ಒಂದೇ ಗೆರೆಯಾಗಿ ಇಡಬಾರದು. 3,900 ಚದರ ಮೀಟರಿನವನಿಗೆ ಸೊನ್ನೆ, 4,000ದವನಿಗೆ ಇಪ್ಪತ್ತು ಅನ್ನುವ ಬದಲು, 1,500ರಿಂದಲೇ ಸ್ವಲ್ಪ ಸ್ವಲ್ಪ ಏರುವ ಹಾಗೆ ಮಾಡಬಹುದು.

ನಿಮಗೆ ಈ ಮನೆ ಬೇಕಿದ್ದರೆ ಮ್ಹಾಡಾದ ಕೊಂಕಣ, ಪುಣೆ ಮಂಡಳಿಗಳ ಲಾಟರಿಯಲ್ಲಿ ಶೇಕಡಾ 20ರ ಯೋಜನೆ ಎಂದು ಬೇರೆ ಪಟ್ಟಿ ಬರುತ್ತದಾ ನೋಡಿ. ಡೊಂಬಿವಲಿ, ಠಾಣೆ, ವಸಯಿ ಕಡೆಯವು ಕೊಂಕಣ ಮಂಡಳಿಗೆ ಸೇರುತ್ತವೆ. ಈ ಭಾಗದಲ್ಲಿ ಕುಟುಂಬದ ವರ್ಷದ ಆದಾಯ 6 ಲಕ್ಷದವರೆಗೆ ಇದ್ದರೆ ಅತಿ ಕಡಿಮೆ ಆದಾಯದ ಗುಂಪು, 9 ಲಕ್ಷದವರೆಗೆ ಕಡಿಮೆ ಆದಾಯದ ಗುಂಪು. ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟ್ ಬೇಕೇ ಬೇಕು. ನಮ್ಮವರಲ್ಲಿ ಎಷ್ಟೋ ಜನ ಮೂವತ್ತು ವರ್ಷ ಇಲ್ಲೇ ದುಡಿದೂ ರೇಷನ್ ಕಾರ್ಡು ಊರಲ್ಲೇ ಇಟ್ಟಿರುತ್ತಾರೆ, ಲಾಟರಿ ಬಂದಾಗ ಒದ್ದಾಡುತ್ತಾರೆ. ಆ ಕಾಗದವನ್ನು ಇವತ್ತೇ ಮಾಡಿಸಿಕೊಳ್ಳಿ.

ಎಲ್ಲರೂ ಕೇಳುವ ಇನ್ನೊಂದು ಮಾತಿದೆ. ಎಲ್ಲ ಕಡೆ ಎಫ್‌ಎಸ್‌ಐ ಜಾಸ್ತಿ ಮಾಡಿಬಿಟ್ಟರೆ ಮನೆ ತಾನಾಗಿ ಅಗ್ಗವಾಗುವುದಿಲ್ಲವೇ? ಮನೆ ಹೆಚ್ಚಾದರೆ ನಿಧಾನವಾಗಿ ಬೆಲೆ ಇಳಿಯಬೇಕು, ನಿಜ. ಮೂಲ ಅಂಕಿಯನ್ನು ಕಡಿಮೆ ಇಟ್ಟು ಮೇಲಿನದನ್ನು ಪಾಲಿಕೆ ಮಾರುವ ಈಗಿನ ಪದ್ಧತಿಯಲ್ಲಿ ಆ ಪ್ರೀಮಿಯಂ ಕೊನೆಗೆ ಮನೆ ಕೊಳ್ಳುವವರ ತಲೆಗೇ ಬರುತ್ತದೆ, ಅದೂ ನಿಜ. ಆದರೆ ಇವತ್ತು ಎಫ್‌ಎಸ್‌ಐ ಎರಡು ಪಟ್ಟಾಯಿತು ಎಂದು ಘೋಷಣೆಯಾದರೆ ನಾಳೆ ಬೆಳಿಗ್ಗೆ ಜಾಗದ ಮಾಲೀಕ ರೇಟು ಏರಿಸುತ್ತಾನೆ. ಲಾಭ ನೆಲಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಚಿಕ್ಕ ಮನೆಯ ಷರತ್ತು ಎಫ್‌ಎಸ್‌ಐ ಜೊತೆಗೇ, ಅದೇ ಆದೇಶದಲ್ಲಿ ಬರಬೇಕು. ಕೊಟ್ಟ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಗಾಡಿ ನಿಲ್ಲಿಸುವ ಜಾಗದ ನಿಯಮವೂ ಹಾಗೆಯೇ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಕಾರಿಲ್ಲದವರ ಮನೆಗೆ ಪಾರ್ಕಿಂಗ್ ಕಡ್ಡಾಯ ಮಾಡಿದರೆ ಆ ಖರ್ಚೂ ಮನೆಯ ಬೆಲೆಯೊಳಗೇ ಸೇರುತ್ತದೆ. ಈಗಿನ ನಿಯಮ ಚಿಕ್ಕ ಮನೆಗಳಿಗೆ ಕಡಿಮೆ ಪಾರ್ಕಿಂಗ್ ಕೇಳುತ್ತದೆ, ಅದು ಒಳ್ಳೆಯದಾಯಿತು.

ಇನ್ನು ದೊಡ್ಡಮ್ಮನ ಕಾಗದ. 33(7) ಅಂದರೆ ರಿಪೇರಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ ಹಳೆ ಕಟ್ಟಡಗಳ ನಿಯಮ. 1940ರ ಸೆಪ್ಟೆಂಬರಿಗೆ ಮೊದಲಿನ ಕಟ್ಟಡಗಳಿಗೆ 3 ಎಫ್‌ಎಸ್‌ಐ, ಇಲ್ಲವೇ ಹಳಬರ ಮನೆಗೆ ಬೇಕಾದ ಅಳತೆಯ ಜೊತೆಗೆ ಅದರ ಅರ್ಧದಷ್ಟು ಬಿಲ್ಡರಿಗೆ, ಯಾವುದು ಜಾಸ್ತಿಯೋ ಅದು. ಅಕ್ಕಪಕ್ಕದ ಜಾಗ ಸೇರಿದರೆ ಬಿಲ್ಡರಿನ ಪಾಲು ಇನ್ನೂ ಏರುತ್ತದೆ. ಪಕ್ಕದ ಎರಡು ಚಾಳುಗಳನ್ನೂ ಯಾಕೆ ಸೇರಿಸಿಕೊಳ್ಳುತ್ತಿದ್ದಾರೆ ಅನ್ನುವುದು ಆಗ ನಮಗೆ ಅರ್ಥವಾಯಿತು. ಪ್ರಾಪರ್ಟಿ ಕಾರ್ಡಿನಲ್ಲಿರುವ ಸರ್ವೆ ನಂಬರು ಹಿಡಿದು ಪಾಲಿಕೆಯಿಂದ ಆ ಜಾಗದ ಡಿಪಿ ರಿಮಾರ್ಕ್ಸ್ ತೆಗೆಸಿದೆವು. ಯಾವ ವಲಯ, ರಸ್ತೆ ಎಷ್ಟು ಅಗಲ, ಏನಾದರೂ ಮೀಸಲು ಇದೆಯಾ ಎಲ್ಲವೂ ಅದರಲ್ಲಿ ಇರುತ್ತದೆ. ಇದನ್ನು ಯಾರು ಬೇಕಾದರೂ ತೆಗೆಸಬಹುದು.

ಬಿಲ್ಡರ್ 400 ಚದರ ಅಡಿ ಕೊಡುತ್ತೇನೆ ಎಂದಿದ್ದಾರೆ. ಚಾಳಿನ ಮೀಟಿಂಗಿನಲ್ಲಿ ಎಲ್ಲರೂ 450 ಕೇಳಬೇಕೋ 500 ಕೇಳಬೇಕೋ ಎಂದು ಜೋರುಜೋರಾಗಿ ಮಾತಾಡುತ್ತಿದ್ದರು. ದೊಡ್ಡಮ್ಮ ಕೊನೆಯಲ್ಲಿ ಎದ್ದು ತಮ್ಮ ಮಂಗಳೂರು ಮರಾಠಿಯಲ್ಲಿ ನಿಧಾನವಾಗಿ ಕೇಳಿದರು. ನಮ್ಮ ಕಟ್ಟಡಕ್ಕೂ ಮಾರುವ ಟವರಿಗೂ ನಡುವೆ ಎಷ್ಟು ಅಡಿ ಜಾಗ? ಹತ್ತು ವರ್ಷ ಆದ ಮೇಲೆ ಲಿಫ್ಟ್ ರಿಪೇರಿಯ ಹಣ ಯಾವ ಖಾತೆಯಲ್ಲಿ ಇರುತ್ತದೆ? ಹೊಸ ಮನೆ ಆಗುವವರೆಗೆ ಬಾಡಿಗೆ ಹಣ ಒಂದು ತಿಂಗಳು ತಪ್ಪಿದರೆ ಏನು ಮಾಡುತ್ತೀರಿ? ಬಿಲ್ಡರ್ ಕಡೆಯ ಹುಡುಗ ಮೂರನ್ನೂ ಬರೆದುಕೊಂಡು, ಮುಂದಿನ ಭಾನುವಾರ ನಕ್ಷೆ ತರುತ್ತೇನೆ ಎಂದ. ದೊಡ್ಡಮ್ಮ ಅಲ್ಲಿಯವರೆಗೆ ಯಾರೂ ಸಹಿ ಹಾಕಬೇಡಿ ಎಂದು ಹೇಳಿ, ಕಾಗದದ ಕಟ್ಟನ್ನು ಅಕ್ಕಿ ಡಬ್ಬಿಯ ಮೇಲಿನ ಸಜ್ಜೆಯಲ್ಲಿ ಇಟ್ಟರು.